ಬೇಲಿ ಎಂಬ ಹೆಪ್ಪು
(ಮಧುಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಮ್ಮಜ್ಜಿ ರಾತ್ರಿ ಮಲಗುವ ಮುಂಚೆ ಒಂದು ಕೆಲಸವನ್ನು ಎಂದೂ ಮರೆಯುತ್ತಿರಲಿಲ್ಲ. ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಡುವುದು. ನಾಲ್ಕು ದಿನ ಜಾತ್ರೆಗೋ ಮದುವೆಗೋ ಹೋಗಿ ಬಂದು ಮನೆಯಲ್ಲಿ ಮಜ್ಜಿಗೆ ಇಲ್ಲದಿದ್ದರೆ ನನ್ನ ಕೈಗೆ ಲೋಟ ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದಳು. "ಒಂಚೂರು ಹೆಪ್ಪು ಇಸ್ಕೊಂಡ್ ಬಾ" ಅನ್ನುತ್ತಿದ್ದಳು. ಹಾಲು ಎಷ್ಟೇ ಗಟ್ಟಿಯಾಗಿರಲಿ, ಹೆಪ್ಪು ಇಲ್ಲದೆ ಮೊಸರಾಗದು. ಆ ಒಂದು ಚಮಚದಲ್ಲಿ ಜೀವವಿದೆ ಎಂಬುದು ಶಾಲೆಯ ಮುಖ ನೋಡದ ಅಜ್ಜಿಗೆ ಗೊತ್ತಿತ್ತು.

ಇವತ್ತು ನಾನು ಹೇಳಬೇಕೆಂದು ಬಂದಿರುವ ಮಾತು ಒಂದೇ. ಹೊಲದ ಮಣ್ಣಿಗೂ ಹೆಪ್ಪು ಬೇಕು. ನಮ್ಮ ಬೆದ್ದಲು ಸೀಮೆಯಲ್ಲಿ ಆ ಹೆಪ್ಪನ್ನು ವರ್ಷದಿಂದ ವರ್ಷಕ್ಕೆ ಕಾದಿಟ್ಟುಕೊಂಡು ಬಂದಿರುವುದು ಬದುವಿನ ಮೇಲಿನ ಬೇಲಿ. ಬೇಲಿ ಕಿತ್ತವರು ಮಜ್ಜಿಗೆ ಗಡಿಗೆಯನ್ನು ತೊಳೆದು ಬೋರಲು ಹಾಕಿದಂತೆ.

ನಮ್ಮ ನೆಲ ಎಂಥದೆಂದು ನಿಮಗೆ ನಾನು ಹೇಳಬೇಕಿಲ್ಲ. ಬಂಡೆ ಸವೆದು ಆದ ಕೆಂಪು ಮರಳುಮಣ್ಣು. ಹೆಚ್ಚಿನ ಕಡೆ ವರ್ಷಕ್ಕೆ 500ರಿಂದ 700 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನಂಬಿ ಕೂರಲಾಗದ ಮಳೆ. ಕಡಲೆಕಾಯಿ, ರಾಗಿ, ತೊಗರಿ, ಹುರುಳಿ, ಅಲಸಂದೆ ನಮ್ಮ ಬೆಳೆಗಳು. ಈ ಹೊಲಗಳ ಸುತ್ತ ನಾನು ಚಿಕ್ಕವನಿದ್ದಾಗ ಕಂಡ ಬೇಲಿಗಳು ಒಂದೊಂದೂ ಒಂದು ಸಂಸಾರದಂತಿದ್ದವು. ಬುಡದಲ್ಲಿ ಕತ್ತಾಳೆ, ಕಳ್ಳಿ. ನಡುವೆ ತಂಗಡಿ, ಬಂದರೆ, ಲಕ್ಕಿ. ಸಂದುಗಳಲ್ಲಿ ಕಾರೆ, ಕವಳೆ, ಬಾರೆ. ಅಲ್ಲಲ್ಲಿ ಎದ್ದು ನಿಂತ ಹೊಂಗೆ, ಬೇವು, ಹುಣಸೆ, ಸೀತಾಫಲ. ಇವೆಲ್ಲದರ ಮೇಲೆ ಹಬ್ಬಿದ ಅಮೃತಬಳ್ಳಿ, ಕಾಡುತೊಂಡೆ. ಎರಡು ಬೇಲಿಗಳ ನಡುವಿನ ಓಣಿಯಲ್ಲಿ ಗಾಡಿ ಹೋದರೆ ಎತ್ತಿನ ಕೊಂಬು ಮಾತ್ರ ಕಾಣುತ್ತಿತ್ತು. ಹೊಂಗೆಸೊಪ್ಪು ಗದ್ದೆಗೆ, ಲಕ್ಕಿಸೊಪ್ಪು ಕಾಳಿನ ವಾಡೆಗೆ, ಕತ್ತಾಳೆ ನಾರು ಹಗ್ಗಕ್ಕೆ, ಕಾರೆಹಣ್ಣು ದನ ಕಾಯುವ ಹುಡುಗರ ಜೇಬಿಗೆ. ಮುಂಗಾರಿನ ಎರಡನೆಯ ಮೂರನೆಯ ಹದಮಳೆ ಬಿದ್ದ ಮರುದಿನ ಬೇಲಿಯ ಸಾಲಿನಲ್ಲಿ ಹುತ್ತದ ಅಣಬೆ ಏಳುತ್ತಿತ್ತು. ಬೆಳಕು ಹರಿಯುವ ಮೊದಲೇ ಓಡಿಹೋದವರಿಗೆ ಮಡಿಲು ತುಂಬ.

ನಮ್ಮ ಮನೆಯ ಹೊಲ ಭಾಗವಾದ ವರ್ಷ ಜೆಸಿಬಿ ಬಂತು. ಅರ್ಧ ದಿನದಲ್ಲಿ ಬೇಲಿ ಹೋಗಿ ಕಲ್ಲುಕಂಬ, ಮುಳ್ಳುತಂತಿ ಬಂದವು. ಭೂಮಿ ಎರಡು ಸಾಲು ಹೆಚ್ಚಿತೆಂದು ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಗ ಬೇಸರವಾಗಲಿಲ್ಲ. ಮುಂದಿನ ಮುಂಗಾರಿನಲ್ಲಿ ಅಣಬೆ ಏಳಲಿಲ್ಲ. ಅದರ ಮುಂದಿನ ವರ್ಷವೂ ಏಳಲಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳ ಪಾಠ ಓದಲು ಹೋದಮೇಲೆ, ಅವತ್ತು ನಾವು ಕಿತ್ತು ಹಾಕಿದ್ದು ಬರೀ ಗಿಡಗಳನ್ನಲ್ಲ ಎಂಬುದು ಅರ್ಥವಾಯಿತು.

ನೆಲದ ಮೇಲೆ ಕಾಣುವುದಕ್ಕಿಂತ ನೆಲದೊಳಗೆ ಇರುವ ಸಂಸಾರ ದೊಡ್ಡದು. 2023ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕದ ಪ್ರಕಾರ ಭೂಮಿಯ ಮೇಲಿನ ಜೀವಪ್ರಭೇದಗಳಲ್ಲಿ ಸುಮಾರು ಶೇ. 59 ಮಣ್ಣಿನಲ್ಲಿ ಬದುಕುತ್ತವೆ. ಶಿಲೀಂಧ್ರಗಳಲ್ಲಂತೂ ಸುಮಾರು ಶೇ. 90 ಮಣ್ಣಿನವೇ. ಶಿಲೀಂಧ್ರವೆಂದರೆ ನಮಗೆ ನೆನಪಾಗುವುದು ರೊಟ್ಟಿಯ ಮೇಲಿನ ಬೂಷ್ಟು, ಕಡಲೆಕಾಯಿ ಗಿಡದ ಬುಡ ಕೊಳೆಸುವ ರೋಗ. ಕೇಡು ಮಾಡುವವು ಇವೆ, ನಿಜ. ಆದರೆ ನಮಗೆ ಅನ್ನ ಕೊಡುವ ಶಿಲೀಂಧ್ರಗಳ ಒಂದು ದೊಡ್ಡ ಬಳಗ ಬೇರುಗಳ ಒಳಗೇ ಇದೆ. ಅದಕ್ಕೆ ಮೈಕೊರೈಜಾ ಎಂದು ಹೆಸರು. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ಸಸ್ಯವಿಜ್ಞಾನಿ ಇಟ್ಟ ಹೆಸರು. ಗೊಬ್ಬರದಂಗಡಿಯಲ್ಲಿ ನೀವು ವ್ಯಾಮ್ ಎಂದು ಕೇಳಿ ಕೊಳ್ಳುತ್ತೀರಲ್ಲ, ಅದು ಈ ಬಳಗದ್ದೇ.

ಇದರ ಕೆಲಸ ಹೀಗೆ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡು ಕೂತಿರುತ್ತದೆ. ಬೇರು ತನ್ನ ಸುತ್ತಲ ನಾಲ್ಕು ಕೂದಲೆಳೆಯಷ್ಟು ಜಾಗದ ರಂಜಕವನ್ನು ಹೀರಿ ಮುಗಿಸಿದರೆ ಮುಂದಕ್ಕೆ ಅದಕ್ಕೆ ಕೈ ಚಾಚಲಾಗದು. ಆಗ ಬೇರಿನೊಳಗೆ ಮನೆ ಮಾಡಿದ ಶಿಲೀಂಧ್ರ ತನ್ನ ಎಳೆಗಳನ್ನು ದೂರಕ್ಕೆ ಹಾಯಿಸುತ್ತದೆ. ಕೂದಲಿಗಿಂತ ಹತ್ತಾರು ಪಟ್ಟು ತೆಳುವಾದ ಆ ಎಳೆಗಳು ಬೇರು ನುಸುಳಲಾರದ ಸಂದುಗಳಲ್ಲಿ ನುಸುಳಿ ರಂಜಕ, ಸತು, ಒಂದಿಷ್ಟು ನೀರು ತಂದುಕೊಡುತ್ತವೆ. ಅದಕ್ಕೆ ಕೂಲಿಯಾಗಿ ಗಿಡ ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆ, ಕೊಬ್ಬನ್ನು ಕೊಡುತ್ತದೆ. ಕಡಲೆಕಾಯಿಗೆ ಬೇರುರೋಮಗಳು ತೀರ ಕಡಿಮೆ. ಅದಕ್ಕೇ ಈ ಕೊಡುಕೊಳೆ ಅದಕ್ಕೆ ಬೇರೆ ಬೆಳೆಗಳಿಗಿಂತ ಹೆಚ್ಚು ಬೇಕು. 1980ರಲ್ಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್ ಮತ್ತು ಮಂಜುನಾಥ್ ಅವರು ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ರಾಗಿ, ಅಲಸಂದೆ, ಹತ್ತಿಗೆ ಈ ಶಿಲೀಂಧ್ರ ಸೇರಿಸಿ, ಗಿಡಗಳು ಹೆಚ್ಚು ರಂಜಕ ಪಡೆದು ಹೆಚ್ಚು ಬೆಳೆದದ್ದನ್ನು ತೋರಿಸಿದರು. ಭಾರತದಲ್ಲಿ ಈ ಅಧ್ಯಯನದ ಮುಂಚೂಣಿಯಲ್ಲಿ ನಮ್ಮ ಕರ್ನಾಟಕವೇ ಇತ್ತು ಎಂಬುದು ಇಲ್ಲಿರುವ ವಿದ್ಯಾರ್ಥಿಗಳಿಗೆ ತಿಳಿದಿರಲಿ.

ಈಗ ನನ್ನ ಮಾತಿನ ಗಂಟು ಇರುವ ಜಾಗಕ್ಕೆ ಬರುತ್ತೇನೆ. ಈ ಶಿಲೀಂಧ್ರ ಒಂಟಿಯಾಗಿ ಬದುಕಲಾರದು. ಜೀವಂತ ಬೇರು ಇಲ್ಲದಿದ್ದರೆ ಅದಕ್ಕೆ ಊಟವಿಲ್ಲ. ನಮ್ಮ ಹೊಲದ ವರ್ಷವನ್ನು ಒಮ್ಮೆ ಎಣಿಸಿ. ಆಷಾಢದ ಹೊತ್ತಿಗೆ ಬಿತ್ತಿದ ಕಡಲೆಕಾಯಿ ದೀಪಾವಳಿಯ ಆಸುಪಾಸಿನಲ್ಲಿ ಕೀಳುತ್ತೇವೆ. ರಾಗಿ ಕಾರ್ತೀಕ ಕಳೆಯುವಷ್ಟರಲ್ಲಿ ಕಣಕ್ಕೆ ಬರುತ್ತದೆ. ಅಲ್ಲಿಂದ ಮುಂದಿನ ಮುಂಗಾರಿನವರೆಗೆ ಆರೇಳು ತಿಂಗಳು ಹೊಲದಲ್ಲಿ ಒಂದು ಹಸಿಬೇರೂ ಇಲ್ಲ. ಕೆಂಡದಂಥ ಬಿಸಿಲು, ದೂಳು, ಮಾಗಿ ಉಳುಮೆ. ಎಳೆಗಳ ಬಲೆ ಹರಿದು ಒಣಗುತ್ತದೆ. ಬೀಜಕಣಗಳು ಒಂದಷ್ಟು ಉಳಿಯುತ್ತವೆ. ವರ್ಷ ವರ್ಷವೂ ಹೀಗೇ ಆದರೆ, ಮಧ್ಯೆ ಒಂದೆರಡು ವರ್ಷ ಮಳೆ ಕೈಕೊಟ್ಟು ಬೀಳುಬಿಟ್ಟರೆ, ಅವೂ ಕರಗುತ್ತ ಹೋಗುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ರೈತರು ಹಿಂದೆ ಒಂದು ವಿಚಿತ್ರ ಕಂಡಿದ್ದರು. ತೇವ ಉಳಿಯಲೆಂದು ಬಹಳ ಕಾಲ ಬೀಳುಬಿಟ್ಟ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರಬೇಕಿತ್ತು, ಬದಲಿಗೆ ಮುರುಟಿಕೊಂಡು ಬರುತ್ತಿತ್ತು. 1987ರಲ್ಲಿ ಥಾಂಪ್ಸನ್ ಎಂಬ ವಿಜ್ಞಾನಿ ಕಾರಣ ತೋರಿಸಿದರು. ಬೇರಿಲ್ಲದ ಆ ತಿಂಗಳುಗಳಲ್ಲಿ ಮೈಕೊರೈಜಾ ಸೊರಗಿ, ಬೆಳೆಗೆ ರಂಜಕ ದಕ್ಕದೆ ಹೋಗಿತ್ತು. ಹಾಲಿತ್ತು, ಹೆಪ್ಪು ಸತ್ತಿತ್ತು.

ಅದೇ ಆರೇಳು ತಿಂಗಳಲ್ಲಿ ಬದುವಿನ ಮೇಲೆ ಏನು ನಡೆಯುತ್ತದೆ ನೋಡಿ. ಯುಗಾದಿಯ ಹೊತ್ತಿಗೆ, ಹೊಲವೆಲ್ಲ ಸುಟ್ಟು ಬೂದಿಯಂತೆ ಕಾಣುವಾಗ, ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ. ಮೇಲೆ ಚಿಗುರು ಮೂಡುತ್ತಿದೆ ಎಂದರೆ ಕೆಳಗೆ ಬೇರು ದುಡಿಯುತ್ತಿದೆ ಎಂದರ್ಥ. ಆ ಬೇರಿನ ಅಂಚಿನಲ್ಲಿ ಶಿಲೀಂಧ್ರ ಉಂಡು ಬದುಕಿದೆ. ಮುಂಗಾರು ಬಿದ್ದು ಹೊಲದಲ್ಲಿ ಮೊಳಕೆ ಬೇರು ಬಿಟ್ಟಾಗ, ಬದುವಿನ ಪಕ್ಕದ ಸಾಲುಗಳಿಗೆ ಮೊದಲು ಆ ಎಳೆಗಳು ತಲುಪುತ್ತವೆ. ಅಲ್ಲಿಂದ ಹರಿಯುವ ನೀರು, ಇರುವೆ, ಎರೆಹುಳು, ನೇಗಿಲಿಗೆ ಮೆತ್ತಿದ ಮಣ್ಣು ಒಳಗೊಳಗೆ ಒಯ್ಯುತ್ತವೆ. ಇದು ನಿಧಾನದ ಕೆಲಸ. ಈ ಶಿಲೀಂಧ್ರಗಳ ಬೀಜಕಣ ದಪ್ಪ. ಅಣಬೆಯ ದೂಳಿನಂತೆ ಗಾಳಿಯಲ್ಲಿ ಊರೂರು ಹಾರಿಹೋಗುವ ಜಾತಿ ಅದಲ್ಲ. ಅದಕ್ಕೇ ಬೇಲಿ ಎಲ್ಲೋ ಕಾಡಿನಂಚಿನಲ್ಲಿದ್ದರೆ ಸಾಲದು, ಹೊಲ ಹೊಲಕ್ಕೂ ಇರಬೇಕು.

ಇಂಗ್ಲೆಂಡಿನವರು ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ತಿರುಗಲು ಅಡ್ಡಿಯೆಂದು ಬಹಳಷ್ಟು ಬೇಲಿಗಳನ್ನು ಕಿತ್ತರು. ಈಗ ಹಣ ಕೊಟ್ಟು ಮತ್ತೆ ನೆಡಿಸುತ್ತಿದ್ದಾರೆ. ಲೀಡ್ಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಲಿಯ ಕೆಳಗಿನ ಮಣ್ಣನ್ನೂ ಪಕ್ಕದ ಹೊಲದ ಮಣ್ಣನ್ನೂ ಹೋಲಿಸಿದರು. ಬೇಲಿಯ ಮಣ್ಣು ಹೆಚ್ಚು ಹುಡಿ, ಸಾವಯವ ಅಂಶ ಹೆಚ್ಚು, ನೀರು ಇಂಗುವ ವೇಗ ಹೆಚ್ಚು.

ಅದು ತಂಪು ದೇಶದ ಮಾತು, ನಮ್ಮ ಬಿಸಿಲಿಗೆ ಹೊಂದೀತೆ ಎಂದು ನೀವು ಕೇಳಬಹುದು. ಹಾಗಾದರೆ ಆಫ್ರಿಕದ ಸೆನೆಗಲ್ ನೋಡೋಣ. ಅಲ್ಲಿನ ಒಂದು ಸೀಮೆಗೆ ಕಡಲೆಕಾಯಿ ಸೀಮೆಯೆಂದೇ ಹೆಸರು. ಪಾವಗಡದಂತೆ ಮರಳುನೆಲ, ಕಡಲೆಕಾಯಿ, ಸಜ್ಜೆ. ಹೊಲದ ತುಂಬ ಗಿಡ್ಡ ಪೊದೆಗಳು. ಅವುಗಳಲ್ಲಿ ಒಂದು ನಮ್ಮ ಬಸವನಪಾದದ ಹತ್ತಿರದ ನೆಂಟ. ರೈತರು ಅವನ್ನು ಪ್ರತಿವರ್ಷ ಸವರಿ ಸುಡುತ್ತಿದ್ದರು. ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ರಿಚರ್ಡ್ ಡಿಕ್ ಅವರು ಸೆನೆಗಲ್ಲಿನ ವಿಜ್ಞಾನಿಗಳ ಜೊತೆ ಸೇರಿ ಆ ಪೊದೆಗಳನ್ನು ಉಳಿಸಿ, ಸವರಿದ ಸೊಪ್ಪನ್ನು ಸುಡದೆ ಮಣ್ಣಿಗೆ ಹಾಕಿ ನೋಡಿದರು. ಬೆಳೆ ಹೆಚ್ಚಿತು, ಮಣ್ಣಿನ ಜೀವಿಗಳು ಹೆಚ್ಚಿದವು. ಪೊದೆಯ ಆಳದ ಬೇರು ರಾತ್ರಿ ಹೊತ್ತು ಕೆಳಗಿನ ತೇವವನ್ನು ಮೇಲಿನ ಮಣ್ಣಿಗೆ ತಂದು ಬಿಡುತ್ತಿತ್ತು, ಸಜ್ಜೆ ಆ ನೀರನ್ನು ಕುಡಿಯುತ್ತಿತ್ತು.

ಇನ್ನೂ ಹತ್ತಿರಕ್ಕೆ ಬನ್ನಿ. ರಾಗಿಯ ನಡುವೆ ತೊಗರಿಯ ಅಕ್ಕಡಿ ಹಾಕುವುದು ನಮಗೆ ಹೊಸದಲ್ಲ. ಈ ಜೋಡಿಯನ್ನೇ ಭಾರತ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಒಟ್ಟಾಗಿ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಆಳಕ್ಕಿಳಿದ ತೊಗರಿಯ ಬೇರು ಎತ್ತಿದ ನೀರು ಬರದಲ್ಲಿದ್ದ ರಾಗಿಗೆ ದೊರೆಯಲು ಇಬ್ಬರನ್ನೂ ಬೆಸೆದ ಶಿಲೀಂಧ್ರದ ಬಲೆ ನೆರವಾದದ್ದು ಕಂಡಿತು. ಅದು ಪಾತ್ರೆಗಳಲ್ಲಿ ನಡೆದ ಪ್ರಯೋಗ. ಹೊಲದಲ್ಲಿ ಎಷ್ಟು ನೀರು ಹೀಗೆ ಸಾಗುತ್ತದೆ ಎಂಬುದನ್ನು ಉಬ್ಬಿಸಿ ಹೇಳಬಾರದು. ಕಾಡಿನ ಮರಗಳು ಶಿಲೀಂಧ್ರದ ತಂತಿಯಲ್ಲಿ ಮಾತಾಡಿಕೊಳ್ಳುತ್ತವೆ ಎಂಬಂಥ ಕಥೆಗಳು ಬಹಳ ಹಬ್ಬಿವೆ. ಅವುಗಳಿಗೆ ಸಿಕ್ಕ ಪುರಾವೆ ಹಬ್ಬಿದ ಕಥೆಯಷ್ಟಿಲ್ಲ ಎಂದು 2023ರಲ್ಲಿ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ನಮಗೆ ಆ ಕಥೆ ಬೇಡ. ರಂಜಕ ತರುವುದು, ಮಣ್ಣಿನ ಕಣ ಕಟ್ಟುವುದು, ಬೇರಿಲ್ಲದ ಕಾಲದಲ್ಲಿ ಹೆಪ್ಪು ಉಳಿಸುವುದು, ಈ ಮೂರೇ ಸಾಕು.

ಬೇಲಿಯ ಕೆಳಗಿನ ಸಂಸಾರದಲ್ಲಿ ಇನ್ನೊಬ್ಬ ಬೇಸಾಯಗಾರ ಇದ್ದಾನೆ, ಗೆದ್ದಲು. ಕಡಲೆಕಾಯಿ ಸಿಪ್ಪೆ ಕೊರೆಯುವ ಗೆದ್ದಲನ್ನು ರೈತರು ಶಪಿಸುವುದು ನ್ಯಾಯವೇ. ಆದರೆ ನಮ್ಮ ಕಡೆಯ ಹುತ್ತ ಕಟ್ಟುವ ಗೆದ್ದಲು ಸುಮಾರು 3 ಕೋಟಿ ವರ್ಷಗಳಿಂದ ಶಿಲೀಂಧ್ರ ಬೆಳೆದು ತಿನ್ನುವ ಕುಲಕ್ಕೆ ಸೇರಿದ್ದು. ಒಣ ಕಡ್ಡಿ, ಸಗಣಿ, ತರಗು ಹೊತ್ತು ತಂದು ಹುತ್ತದೊಳಗೆ ತೋಟ ಮಾಡುತ್ತದೆ. ಮಳೆಗೆ ಆ ತೋಟದಿಂದ ಎದ್ದದ್ದೇ ನಾವು ಸಾರು ಮಾಡಿ ಉಣ್ಣುವ ಹುತ್ತದ ಅಣಬೆ. ಅದು ಕೊರೆದ ಸುರಂಗಗಳಲ್ಲಿ ಮಳೆನೀರು ಆಳಕ್ಕಿಳಿಯುತ್ತದೆ. ಉಳುವ ಹೊಲದ ನಡುವೆ ಹುತ್ತಕ್ಕೆ ಉಳಿಗಾಲವಿಲ್ಲ. ಬೇಲಿಯ ಬುಡದಲ್ಲಿ ನೇಗಿಲು ತಾಗದು. ನಾಗರ ಪಂಚಮಿಯಂದು ಹಾಲೆರೆಯುವ ಹುತ್ತವನ್ನು ಒಡೆಯಲು ಯಾರ ಕೈಯೂ ಏಳದು. ಹೆಂಗಸರು ಅರಿಶಿನ ಕುಂಕುಮವಿಟ್ಟು ಕಾಪಾಡಿದ್ದು ಹಾವನ್ನು ಮಾತ್ರವಲ್ಲ, ಒಂದು ಇಡೀ ನೆಲಮಾಳಿಗೆಯನ್ನು.

ಈ ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಂಚಿ ನೋಡೋಣ. ಕೊರಟಗೆರೆಗೆ ಮಳೆ ತುಸು ಹೆಚ್ಚು, ಜಯಮಂಗಲಿಯ ದಂಡೆ, ಸಿದ್ಧರಬೆಟ್ಟದ ಔಷಧಿ ಗಿಡಗಳು. ಬೆಟ್ಟದ ಬಳ್ಳಿ ಬೇರುಗಳು ಹೊಲಕ್ಕೆ ಇಳಿದು ಬರುವ ದಾರಿ ಬೇಲಿಯೇ. ಶಿರಾದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ಮರ ಉಳಿಸಿದ ಊರಿಗೆ ಹಕ್ಕಿ ಬಂದಿದೆ, ಹಕ್ಕಿಯ ಹಿಕ್ಕೆಯಿಂದ ಮರದ ಬುಡಕ್ಕೆ ಗೊಬ್ಬರ ಬಿದ್ದಿದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ ನಿಂತಿದೆ. ಬರದಲ್ಲಿ ಬೆಂದ ಕುಟುಂಬಗಳಿಗೆ ಅದು ಗುತ್ತಿಗೆಯ ಹಣ ತಂದಿದೆ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಗುತ್ತಿಗೆ ಮುಗಿದು ಮೊಮ್ಮಕ್ಕಳು ಆ ನೆಲವನ್ನು ಮತ್ತೆ ಉಳುವ ದಿನ ಬಂದರೆ ಹೆಪ್ಪು ಎಲ್ಲಿಂದ ತರಬೇಕು? ಸುತ್ತಲ ಹಳ್ಳಿಗಳು ಈಗ ಉಳಿಸಿಕೊಂಡ ಬೇಲಿಗಳಿಂದಲೇ. ಮಧುಗಿರಿಯ ಮೈದನಹಳ್ಳಿಯದು ಬೇರೆ ಮಾತು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಆ ಹುಲ್ಲುಗಾವಲಿಗೆ ಮರ ನೆಡುವ ಉತ್ಸಾಹ ಬೇಡ. ಹುಲ್ಲಿನ ಬೇರಿಗೂ ಅದರದೇ ಶಿಲೀಂಧ್ರಗಳಿವೆ. ಬೇಲಿಯ ಜಾಗ ಹೊಲದ ಬದು, ಬಯಲಿನ ನಡುವಲ್ಲ.

ರೈತರ ಆಕ್ಷೇಪಣೆಗಳನ್ನು ನಾನು ಬಲ್ಲೆ. ನೆರಳಿಗೆ ಎರಡು ಸಾಲು ಬೆಳೆ ಬರುವುದಿಲ್ಲ. ಇಲಿ, ಹಾವು ಸೇರುತ್ತವೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ. ಈ ಮಾತಿನಲ್ಲಿ ಸತ್ಯವಿದೆ, ಬೇಲಿಯ ಆಯ್ಕೆ ತಪ್ಪಿದರೆ ಹಾಗೆಯೇ ಆಗುತ್ತದೆ. ಬಳ್ಳಾರಿ ಜಾಲಿಯ ಬೇಲಿ ಹೊಲ ಮೇಯುತ್ತದೆ. ಬದುವಿಗೆ ಹಾಕಿದ ನೀಲಗಿರಿಯೂ ಮೇಯುತ್ತದೆ, 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಲಂಟಾನ ತಾನೊಂದೇ ತುಂಬಿಕೊಂಡು ಉಳಿದವನ್ನು ಓಡಿಸುತ್ತದೆ. ಒಂದೇ ಜಾತಿಯ ಬೇಲಿ ಗೋಡೆಯಷ್ಟೇ. ಹತ್ತು ಜಾತಿಯದು ಬೇಲಿ. ಬೇರಿನ ಬಗೆ ಹೆಚ್ಚಿದಷ್ಟೂ ಬೇರನ್ನು ಆಶ್ರಯಿಸಿದವರ ಬಗೆ ಹೆಚ್ಚುತ್ತದೆ. ನೆರಳಿಗೆ ಮದ್ದು ಮಚ್ಚು. ಬಿತ್ತನೆಗೆ ಮುಂಚೆ ಎದೆಯೆತ್ತರಕ್ಕೆ ಸವರಿ, ಸೊಪ್ಪನ್ನು ಸುಡದೆ ಪಕ್ಕದ ಸಾಲುಗಳಿಗೆ ಹರಡಿದರೆ ನೆರಳೂ ಕಡಿಮೆ, ಗೊಬ್ಬರವೂ ಆಯಿತು.

ಹಾಗಾದರೆ ಏನು ಮಾಡಬೇಕು? ಮೊದಲು, ಇರುವ ಬೇಲಿಯನ್ನು ಕೀಳಬೇಡಿ. ಐವತ್ತು ವರ್ಷದ ಬೇಲಿಗೆ ಐದು ವರ್ಷದ ಬೇಲಿ ಸಮನಾಗದು. ಹೊಸದಾಗಿ ಹಾಕುವವರು ಮೊದಲ ಹದಮಳೆಗೆ ಇಳಿಜಾರಿಗೆ ಅಡ್ಡಲಾದ ಬದುವಿನ ಮೇಲೆ ಹೊಂಗೆ, ಬೇವು, ಸೀತಾಫಲ, ತಂಗಡಿ, ಬಂದರೆ, ಲಕ್ಕಿ, ಗೊಬ್ಬರದ ಗಿಡಗಳನ್ನು ಬೆರೆಸಿ ಹಾಕಿ. ಪ್ರತಿ ಗುಣಿಗೂ ಊರಿನ ಹಳೆಯ, ಆರೋಗ್ಯವಂತ ಹೊಂಗೆಯ ಬುಡದಿಂದ ಒಂದು ಬೊಗಸೆ ಮಣ್ಣು ತಂದು ಹಾಕಿ. ಅಜ್ಜಿ ಪಕ್ಕದ ಮನೆಯಿಂದ ತರಿಸುತ್ತಿದ್ದ ಹೆಪ್ಪು ಇದೇ. ಬುಡಕೊಳೆ, ಸೊರಗು ರೋಗ, ಬೇರುಗಂಟು ಇರುವ ಜಾಗದ ಮಣ್ಣು ಮಾತ್ರ ಬೇಡ, ರೋಗವೂ ಜೊತೆಗೆ ಬಂದೀತು. ಡಿಎಪಿಯನ್ನು ಮಣ್ಣು ಪರೀಕ್ಷೆ ನೋಡಿ ಹಾಕಿ. ರಂಜಕ ಸುಮ್ಮನೆ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಕೂಲಿ ಕೊಡುವುದನ್ನು ನಿಲ್ಲಿಸುತ್ತದೆ. ಕೊಯ್ಲಾದಮೇಲೆ ಹೊಲವನ್ನು ಪೂರ್ತಿ ಬೋಳು ಬಿಡದೆ, ಹಿಂಗಾರಿನ ಹದ ಸಿಕ್ಕರೆ ಹುರುಳಿಯನ್ನಾದರೂ ಚೆಲ್ಲಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ.

ವಿದ್ಯಾರ್ಥಿಗಳೆ, ನಿಮಗೊಂದು ಕೆಲಸ. ಬೇಲಿಯ ಬುಡದಿಂದಲೂ ಹೊಲದ ನಡುವಿನಿಂದಲೂ ಒಂದೊಂದು ಹೆಂಟೆ ತಂದು ಎರಡು ಲೋಟ ನೀರಿನಲ್ಲಿ ಬಿಡಿ. ಯಾವುದು ಕರಗಿ ಕೆಸರಾಯಿತು, ಯಾವುದು ಕಟ್ಟು ಬಿಡದೆ ನಿಂತಿತು ನೋಡಿ. ಮಳೆಗಾಲದಲ್ಲಿ ಎರಡೂ ಕಡೆ ಒಂದಡಿ ಉದ್ದಗಲ ಆಳದ ಗುಣಿ ತೆಗೆದು ಎರೆಹುಳು ಎಣಿಸಿ. ಎಳೆಯ ಬೇರುಗಳನ್ನು ಅಧ್ಯಾಪಕರ ಎದುರಿನಲ್ಲಿ ಶೇ. 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನಲ್ಲಿ ಬೇಯಿಸಿ, ತೊಳೆದು, ವಿನಿಗರ್‌ಗೆ ಶೇ. 5 ಪೆನ್ನಿನ ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿ. 1998ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ದುಬಾರಿ ಬಣ್ಣಗಳು ಬೇಕಿಲ್ಲ. ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಬೇರಿನ ಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರ ನೀಲಿಯಾಗಿ ಕಾಣುತ್ತದೆ. ನಾಲ್ಕು ತಾಲ್ಲೂಕಿನ ಕಾಲೇಜುಗಳು ಐದು ವರ್ಷ ಹೀಗೆ ಲೆಕ್ಕ ಬರೆದಿಟ್ಟರೆ ನಮ್ಮ ಬೇಲಿಗಳ ಬಗ್ಗೆ ಲೀಡ್ಸ್‌ನವರನ್ನು ಕೇಳಬೇಕಾದ ಅಗತ್ಯ ಇರುವುದಿಲ್ಲ.

ಬಂಧುಗಳೆ, ನನ್ನ ಕೋರಿಕೆ ದೊಡ್ಡದಲ್ಲ. ಈ ಮುಂಗಾರಿಗೆ ನಿಮ್ಮ ಹೊಲದ ಒಂದು ಬದುವಿನಲ್ಲಿ ಇಪ್ಪತ್ತು ಮಾರು ಬೇಲಿ ಎಬ್ಬಿಸಿ. ಪಕ್ಕದ ಹೊಲದವರು ಬೇಲಿ ಕೀಳಲು ಹೊರಟರೆ ಒಂದು ದಿನ ತಡೆಯಲು ಹೇಳಿ, ಅವರೊಡನೆ ಕೂತು ಮಾತಾಡಿ. ಹೆಪ್ಪು ಕೇಳಿ ಬಂದವರನ್ನು ಬರಿಗೈಲಿ ಕಳಿಸಿದವರು ನಮ್ಮ ಊರುಗಳಲ್ಲಿ ಇಲ್ಲ. ಮಣ್ಣಿಗೂ ಆ ಮರ್ಯಾದೆ ಸಲ್ಲಲಿ.